ಹಲಗೆ ಕೊಯ್ದು ಹಳ್ಳ ತೋಡಿದ್ದು

ಎರಡು ವರ್ಷ ನನ್ನ ಮಾದರಿ ರೈಲು ಚಪಾತಿ ಮಣೆಯ ಮೇಲೆ ಓಡಿತು. ಮಹಡಿ ಕೋಣೆಯಲ್ಲಿ ಎಂಟಡಿ ನಾಲ್ಕಡಿಯ ಒಂದೇ ಪ್ಲೈವುಡ್ ಹಲಗೆ, ಅದರ ಮೇಲೆ ಮೊಟ್ಟೆಯಾಕಾರದ ಹಳಿ, ಒಂದು ಸ್ಟೇಷನ್ನು, ನಾಲ್ಕು ಹೆಂಚಿನ ಮನೆ, ಹಸಿರು ಬಣ್ಣ ಕಲಸಿದ ಮರದ ಹೊಟ್ಟು. ಸ್ಟೇಷನ್ನಿಗೆ ಶಿರಾಡಿ ಘಟ್ಟದ ‘ದೋಣಿಗಲ್’ ಹೆಸರಿಟ್ಟು ಹಳದಿ ಬೋರ್ಡು ಬರೆದು ನಿಲ್ಲಿಸಿದ್ದೆ. ನೋಡಲು ಬಂದ ಗೆಳೆಯ ಬೋರ್ಡು ಓದಿ, "ಓ, ದೋಣಿಗಲ್ಲಾ? ನಾನು ಅರಸೀಕೆರೆ ಅನ್ಕೊಂಡಿದ್ದೆ" ಅಂದ. ಸಿಟ್ಟು ಬಂತು, ಆದರೆ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ ಇವೆ. ನನ್ನ ಶಿರಾಡಿ ಘಟ್ಟದಲ್ಲಿ ಒಂದು ಮೋರಿಯೂ ಇರಲಿಲ್ಲ.

ಸರಿ, ಒಂದು ಸೇತುವೆ ಇಡೋಣ ಅಂತ ಹೊರಟೆ. ಇಡುವುದು ಅಂತಲೇ ನನ್ನ ತಲೆಯಲ್ಲಿದ್ದದ್ದು. ಹಳಿಯನ್ನು ಒಂದೆಡೆ ಸ್ವಲ್ಪ ಎತ್ತಿ, ಕೆಳಗೆ ಸೇತುವೆ ತೂರಿಸಿದರೆ ಮುಗಿಯಿತಲ್ಲ. ಒಂದು ಭಾನುವಾರ ಮರದ ತುಂಡುಗಳನ್ನು ಇಟ್ಟು ನೋಡಿದೆ. ಎಂಟು ಸೆಂಟಿಮೀಟರ್ ಎತ್ತಿದರೆ ಸೇತುವೆ ಅನ್ನಿಸಿಕೊಳ್ಳಬಹುದು. ಆ ಘಟ್ಟದ ಏರು 50ಕ್ಕೆ 1. ಅದೇ ಲೆಕ್ಕ ಹಿಡಿದರೆ ಎಂಟು ಸೆಂಟಿಮೀಟರ್ ಹತ್ತಲು ನಾಲ್ಕು ಮೀಟರ್, ಇಳಿಯಲು ಇನ್ನು ನಾಲ್ಕು ಮೀಟರ್ ಹಳಿ ಬೇಕು. ನನ್ನ ಇಡೀ ಸುತ್ತೇ ಆರು ಮೀಟರ್. ಏರನ್ನು ಇನ್ನೂ ಕಡಿದಾಗಿಸಿ ನೋಡಿದೆ. ಎಂಜಿನ್ ಹತ್ತಿತು, ಅದರ ಹಿಂದಿನ ಆರು ಬೋಗಿ ಹತ್ತಲಿಲ್ಲ. ಚಕ್ರ ಗಿರಗಿರ ತಿರುಗಿದ್ದೇ ಬಂತು. ನಿಜವಾದ ಘಟ್ಟದಲ್ಲಿ ಗೂಡ್ಸ್ ಗಾಡಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ಕೊಟ್ಟು ನೂಕಿಸುತ್ತಾರೆ. ನನ್ನಲ್ಲಿ ಇದ್ದದ್ದೇ ಒಂದು ಎಂಜಿನ್ನು, ಅಮೆರಿಕದ ಆಲ್ಕೋ ಮಾದರಿಗೆ ನಮ್ಮ ಬಣ್ಣ ಬಳಿದದ್ದು.

ಅವತ್ತು ಸಂಜೆ ಕಾಫಿ ಲೋಟ ಹಿಡಿದು ಹಲಗೆಯ ಅಂಚಿನಲ್ಲಿ ಗಲ್ಲ ಇಟ್ಟು ಕೂತಿದ್ದಾಗ ಹೊಳೆಯಿತು. ಘಟ್ಟದಲ್ಲಿ ಯಾರೂ ಹಳಿ ಎತ್ತಿಲ್ಲ. ಹಳಿ ತನ್ನ ಪಾಡಿಗೆ ಹೋಗುತ್ತಿರುತ್ತದೆ, ನೆಲ ಕೆಳಗೆ ಜಾರಿಹೋಗುತ್ತದೆ. ನಾನು ಕಟ್ಟಬೇಕಾದದ್ದು ಸೇತುವೆಯಲ್ಲ, ಹಳ್ಳ. ಅದಕ್ಕೆ ಎರಡು ವರ್ಷದಿಂದ ಮುದ್ದು ಮಾಡಿದ ಹಲಗೆಯನ್ನೇ ಕೊಯ್ಯಬೇಕು.

ಇದನ್ನು ಒಪ್ಪಿಕೊಳ್ಳಲು ಮೂರು ವಾರ ಹಿಡಿಯಿತು. ಶುರುವಿನಲ್ಲೇ ಒಂದೇ ಹಲಗೆಯ ಬದಲು ಮರದ ಪಟ್ಟಿಗಳ ಚೌಕಟ್ಟು ಮಾಡಿ, ಹಳಿ ಹೋಗುವ ಕಡೆ ಮಾತ್ರ ಪ್ಲೈವುಡ್ ಕೂರಿಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಹೊಸದಾಗಿ ಶುರು ಮಾಡುವವರು ದಯವಿಟ್ಟು ಒಂದೇ ಹಲಗೆ ತರಬೇಡಿ. ಬಡಗಿ ಅದನ್ನೇ ಮೆಚ್ಚಿ ಹೇಳುತ್ತಾನೆ, ಅವನಿಗೆ ಕೆಲಸ ಸುಲಭ.

ಬಾಗಿಲ ಕಡೆಯ ಮೂಲೆ ಆರಿಸಿಕೊಂಡೆ. ಒಳಗೆ ಬಂದವರಿಗೆ ಮೊದಲು ಕಾಣುವುದು ಅದೇ. ಹಳಿ ಕೀಳಲಿಲ್ಲ. ಅದರ ಎರಡು ಪಕ್ಕಕ್ಕೂ ಗೆರೆ ಎಳೆದು, ಹಳಿಯ ಕೆಳಗೆ ಮೂರು ಬೆರಳು ಅಗಲದ ಪ್ಲೈವುಡ್ ಪಟ್ಟಿ ಉಳಿಸಿ, ಉಳಿದದ್ದನ್ನು ಜಿಗ್‌ಸಾ ಹಾಕಿ ಕೊಯ್ದೆ. ಸೇತುವೆ ತಯಾರಾಗುವವರೆಗೆ ಹಳಿ ಆ ಪಟ್ಟಿಯ ಮೇಲೆ ನಿಂತಿರಲಿ, ಆಮೇಲೆ ಪಟ್ಟಿ ತೆಗೆದು ಗರ್ಡರ್ (ಸೇತುವೆಯ ಉಕ್ಕಿನ ತೊಲೆ) ಕೂರಿಸಿದರೆ ಹಳಿಯ ಗೆರೆ ಒಂದು ಕೂದಲೂ ಆಚೀಚೆ ಆಗುವುದಿಲ್ಲ ಅನ್ನುವ ಉಪಾಯ. ಉಪಾಯ ಚೆನ್ನಾಗಿತ್ತು. ಹಲಗೆಯ ಅಡಿಯಲ್ಲಿ ನಾನೇ ಬಿಗಿದಿದ್ದ ಕರೆಂಟಿನ ತಂತಿ ಮಾತ್ರ ಮರೆತುಹೋಗಿತ್ತು. ಹನ್ನೆರಡು ವೋಲ್ಟು, ಅದೂ ಆಫ್ ಆಗಿತ್ತು, ಜೀವಕ್ಕೇನೂ ಆಗಲಿಲ್ಲ. ಆದರೆ ಕೆಂಪು ಯಾವುದು ಕಪ್ಪು ಯಾವುದು ಅಂತ ಹುಡುಕಿ ಮತ್ತೆ ಬೆಸೆಯುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು. ಕೆಳಗಿನಿಂದ ಹೆಂಡತಿ, "ರೀ, ಊಟಕ್ಕೆ ಬರ್ತೀರೋ, ಇಲ್ಲ ಅಲ್ಲೇ ಸ್ಟೇಷನ್ನಲ್ಲಿ ವಡೆ ತಿಂದ್ಕೊಳ್ತೀರೋ?" ಅಂತ ಕೇಳಿದಳು.

ಇಪ್ಪತ್ನಾಲ್ಕು ಸೆಂಟಿಮೀಟರ್ ಕೆಳಗೆ ಇನ್ನೊಂದು ಹಲಗೆ ಬಿಗಿದೆ. ನನ್ನ ಮಾದರಿ 1:87ರ ಅಳತೆಯದು, ಅಂದರೆ ನಿಜದ ಎಂಬತ್ತೇಳರಲ್ಲಿ ಒಂದು ಪಾಲು; ಆ ಲೆಕ್ಕಕ್ಕೆ ಅದು ಸುಮಾರು 21 ಮೀಟರ್ ಆಳ. ಘಟ್ಟದ ಲೆಕ್ಕದಲ್ಲಿ ಹೆಮ್ಮೆ ಪಡುವಂಥದ್ದೇನಲ್ಲ. ಆದರೂ ಮೊದಲ ಸಲ ಎಂಜಿನ್ನು ಆ ಬರಿ ಪಟ್ಟಿಯ ಮೇಲೆ ಹೋದಾಗ ಕೈ ತಾನಾಗಿ ಕೆಳಗೆ ಚಾಚಿಕೊಂಡಿತು, ಬಿದ್ದರೆ ಹಿಡಿಯಲು.

ಗರ್ಡರ್ ಎಷ್ಟು ಉದ್ದ ಇರಬೇಕು ಅನ್ನುವುದರಲ್ಲಿ ಒಂದು ವಾರ ಹೋಯಿತು. ನಮ್ಮ ರೈಲ್ವೆಯ ಪ್ಲೇಟ್ ಗರ್ಡರಿಗೆ ಗೊತ್ತಾದ ಅಳತೆಗಳಿವೆ: 12.2 ಮೀಟರ್, 18.3, 24.4, 30.5. ಹಳೆಯ ಅಡಿ ಲೆಕ್ಕದ ನಲವತ್ತು, ಅರವತ್ತು, ಎಂಬತ್ತು, ನೂರನ್ನೇ ಮೀಟರಿಗೆ ತಿರುಗಿಸಿದ್ದು. ನೋಟಕ್ಕೆ ಚೆಂದ ಅಂತ 18.3 ಮೀಟರಿನದನ್ನು ಆರಿಸಿದೆ, ಮಾದರಿಯಲ್ಲಿ 21 ಸೆಂಟಿಮೀಟರ್. ಸನ್‌ಬೋರ್ಡಿನಲ್ಲಿ ಅಣಕು ಗರ್ಡರ್ ಕತ್ತರಿಸಿ ಹಳಿಯಡಿ ಹಿಡಿದರೆ ನಡುವೆ ಹಳಿ ಗರ್ಡರನ್ನು ಬಿಟ್ಟು ಆಚೆ ಹೋಗಿ ಗಾಳಿಯಲ್ಲಿ ನಿಂತಿದೆ! ತಿರುವಿನ ಮೇಲಿನ ಸೇತುವೆಯ ಗುಟ್ಟು ಅವತ್ತು ಗೊತ್ತಾಯಿತು. ಹಳಿ ಬಾಗುತ್ತದೆ, ಗರ್ಡರ್ ಬಾಗುವುದಿಲ್ಲ. ನೇರ ಗರ್ಡರುಗಳನ್ನೇ ಸ್ವಲ್ಪಸ್ವಲ್ಪ ತಿರುಗಿಸಿ ಒಂದರ ತುದಿಗೆ ಒಂದು ಜೋಡಿಸುತ್ತಾರೆ. ಗರ್ಡರಿನ ಉದ್ದದ ವರ್ಗವನ್ನು ತಿರುವಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ನಡುವೆ ಹಳಿ ಎಷ್ಟು ಜಾರುತ್ತದೆ ಅಂತ ಸಿಗುತ್ತದೆ. ನನ್ನ ತಿರುವು 56 ಸೆಂಟಿಮೀಟರಿನದು. 21 ಸೆಂಟಿಮೀಟರ್ ಗರ್ಡರಿಗೆ ಹೆಚ್ಚುಕಡಿಮೆ 10 ಮಿಲಿಮೀಟರ್ ಜಾರುತ್ತದೆ. 14 ಸೆಂಟಿಮೀಟರಿನದಕ್ಕೆ 4.4 ಮಾತ್ರ. ಗರ್ಡರನ್ನೇ ಅದರ ಅರ್ಧದಷ್ಟು ಹೊರಕ್ಕೆ ಸರಿಸಿಬಿಟ್ಟರೆ ಎಲ್ಲಿ ನೋಡಿದರೂ ವ್ಯತ್ಯಾಸ ಎರಡೇ ಮಿಲಿಮೀಟರ್ ಚಿಲ್ಲರೆ, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ 12.2 ಮೀಟರಿನ ಮೂರು ಗರ್ಡರ್, ಎರಡು ಕಂಬ, ಒಟ್ಟು 42 ಸೆಂಟಿಮೀಟರ್.

ನಮ್ಮ ಬ್ರಾಡ್‌ಗೇಜಿನಲ್ಲಿ 175 ಮೀಟರಿಗಿಂತ ಬಿಗಿಯಾದ ತಿರುವು ಇಡುವಂತಿಲ್ಲ. ಅದನ್ನು ಸರಿಯಾಗಿ ಇಳಿಸಿದರೆ ಎರಡು ಮೀಟರ್ ತ್ರಿಜ್ಯ ಬೇಕು, ಅಂದರೆ ನಮ್ಮ ಮನೆಯ ಗೋಡೆ ಒಡೆಯಬೇಕು. ನನ್ನ ತಿರುವನ್ನು ದೊಡ್ಡದು ಮಾಡಿದರೆ 49 ಮೀಟರಾಗುತ್ತದೆ. ಮಾದರಿ ಮಾಡುವವರೆಲ್ಲ ಈ ಸುಳ್ಳನ್ನು ಹೇಳಿಯೇ ಹೇಳುತ್ತಾರೆ, ನಾನೂ ಹೇಳಿದ್ದೇನೆ.

ಗರ್ಡರಿಗೆ ದಪ್ಪ ಡ್ರಾಯಿಂಗ್ ಶೀಟು. ರಿವೆಟ್ಟಿನ ಸಾಲಿಗೆ ಟೈಲರುಗಳು ಬಟ್ಟೆ ಮೇಲೆ ಗುರುತು ಹಾಕಲು ಉಜ್ಜುವ ಹಲ್ಲಿನ ಚಕ್ರವನ್ನು ಕಾಗದದ ಹಿಂಬದಿಯಲ್ಲಿ ಓಡಿಸಿದೆ, ಮುಂದೆ ಸಾಲಾಗಿ ಗುಳ್ಳೆ ಎದ್ದವು. ಮೂವತ್ತು ರೂಪಾಯಿಯ ಚಕ್ರ. ಇಡೀ ಸೇತುವೆಯಲ್ಲಿ ಯಾರಾದರೂ ಹೊಗಳುವುದಿದ್ದರೆ ಆ ರಿವೆಟ್ಟನ್ನೇ ಹೊಗಳುತ್ತಾರೆ.

ಕಂಬದ ವಿಷಯಕ್ಕೆ ಬಂದರೆ ನನ್ನ ಕಸುಬು ಕೈಹಿಡಿಯಿತು. ನಾನು ಡೆಂಟಲ್ ಲ್ಯಾಬ್ ನಡೆಸುವವನು. ಹಾಸನದ ಅರ್ಧ ಊರಿನ ಹಲ್ಲಿನ ಅಚ್ಚು ನನ್ನ ಕೈಮೇಲೆ ಹೋಗಿದೆ. ಮೇಣದ ಹಾಳೆ ಕತ್ತರಿಸಿ, ಬೆಚ್ಚಗಿನ ಚಾಕುವಿನಲ್ಲಿ ಅಂಟಿಸಿ, ಮೇಲಕ್ಕೆ ಹೋದಂತೆ ಕಿರಿದಾಗುವ ಒಂದು ಕಂಬ ಮಾಡಿದೆ. ಕಾಂಕ್ರೀಟಿಗೆ ಹಲಗೆ ಕಟ್ಟಿದ ಗುರುತು ಕಾಣಬೇಕಲ್ಲ, ಅದಕ್ಕೆ ಅಡ್ಡಗೆರೆ ಗೀರಿದೆ. ಸಿಲಿಕೋನಿನಲ್ಲಿ ಅದರ ಅಚ್ಚು ತೆಗೆದು ಹಳದಿ ಡೆಂಟಲ್ ಸ್ಟೋನ್ ಎರಕ ಹೊಯ್ದೆ. 100 ಗ್ರಾಂ ಪುಡಿಗೆ 30 ಮಿಲಿ ನೀರು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿಗೆ 50 ಮಿಲಿಯಾದರೂ ಬೇಕು, ಒಣಗಿದ ಮೇಲೆ ಉಗುರು ತಾಗಿದರೂ ಉದುರುತ್ತದೆ. ನೀರು ಕಮ್ಮಿ ಕುಡಿದಷ್ಟೂ ಕಲ್ಲು ಗಟ್ಟಿ. ವೈಬ್ರೇಟರ್ ಮೇಲೆ ಅಚ್ಚು ಇಟ್ಟು, ಗುಳ್ಳೆಯೆಲ್ಲ ಮೇಲೆ ಬರಿಸಿ, ಮುಕ್ಕಾಲು ಗಂಟೆ ಬಿಟ್ಟು ಬಿಡಿಸಿದರೆ ಕಂಬ ಠಣ್ ಅನ್ನುತ್ತಿತ್ತು. ಬಂಡೆಗಳಿಗೂ ಅದೇ ಕಲ್ಲು. ಬಣ್ಣಕ್ಕೆ ಡಿಕಾಕ್ಷನ್ನು. ಹಾಸನ ಜಿಲ್ಲೆಯಲ್ಲಿ ಕೂತು ಬೇರೆ ಬಣ್ಣ ಹುಡುಕುವುದು ಅವಮಾನ.

ಕಸುಬಿನ ಸೊಕ್ಕು ಇಳಿದದ್ದು ಹೊಳೆಯಲ್ಲಿ.

ತಳದಲ್ಲಿ ಕೆಂಪುಹೊಳೆಯ ಒಂದು ತುಣುಕು ಬೇಕಿತ್ತು. ನೀರಿಗೆ ಎಲ್ಲರೂ ಎಪಾಕ್ಸಿ ರೆಸಿನ್ ತರಿಸುತ್ತಾರೆ. ನನಗೇಕೆ, ಲ್ಯಾಬಿನಲ್ಲಿ ಕಾಯಿಸದೆ ತಾನೇ ಗಟ್ಟಿಯಾಗುವ ಪಾರದರ್ಶಕ ಕೋಲ್ಡ್ ಕ್ಯೂರ್ ಆಕ್ರಿಲಿಕ್ ಡಬ್ಬಿಗಟ್ಟಲೆ ಬಿದ್ದಿದೆ, ಪುಡಿಗೆ ಲಿಕ್ವಿಡ್ ಕಲಸಿ ಹೊಯ್ದರಾಯಿತು ಅಂತ ಹೊಯ್ದೇಬಿಟ್ಟೆ. ದಡವೆಲ್ಲ ಥರ್ಮಾಕೋಲಿನದು, ಮೇಲೆ ತೆಳ್ಳಗೆ ಪ್ಲಾಸ್ಟರು. ಪ್ಲಾಸ್ಟರಿನಲ್ಲಿ ಎಲ್ಲೋ ಒಂದು ಬಿರುಕು. ಆ ಲಿಕ್ವಿಡ್ಡಿಗೆ ಥರ್ಮಾಕೋಲ್ ಅಂದರೆ ಬಿಸಿನೀರಿಗೆ ಬೆಲ್ಲ ಇದ್ದ ಹಾಗೆ. ಇಪ್ಪತ್ತು ವರ್ಷದಿಂದ ಅದರ ವಾಸನೆ ಕುಡಿಯುತ್ತಿರುವ ನನಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ನೋಡನೋಡುತ್ತಿದ್ದಂತೆ ಹೊಳೆ ಒಂದು ಪಕ್ಕಕ್ಕೆ ಕುಸಿಯಿತು, ಬಲದಂಡೆ ಒಳಗಿಂದೊಳಗೆ ಕರಗಿ ಎರಡು ಬಂಡೆ ಗುಳುಂ ಅಂದವು. ಉಳಿದದ್ದು ಕಾವು ಹೆಚ್ಚಿ ಗುಳ್ಳೆ ಗುಳ್ಳೆಯಾಗಿ, ಸೋಡಾ ಗಟ್ಟಿಯಾದಂತೆ ಕೂತಿತು. ಮನೆ ತುಂಬ ವಾಸನೆ. ಮಗಳು ಮೂಗು ಮುಚ್ಚಿಕೊಂಡು ಬಂದು ನೋಡಿ, "ಅಪ್ಪಾ, ಭೂಕುಸಿತ" ಅಂದಳು. 2024ರ ಜುಲೈನಲ್ಲಿ ಕಡಗರವಳ್ಳಿ, ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಗಾಡಿಗಳೆಲ್ಲ ನಿಂತಿದ್ದ ಸುದ್ದಿ ಅವಳಿಗೆ ನೆನಪಿತ್ತು. ನನ್ನದರಲ್ಲಿ ಗಾಡಿ ಹದಿನೈದು ದಿನ ನಿಂತಿತು. ಎರಡನೇ ಸಲ ಸುಮ್ಮನೆ ಎಪಾಕ್ಸಿ ತರಿಸಿ, ಒಂದು ಚೂರು ಕೆಮ್ಮಣ್ಣಿನ ಬಣ್ಣ ಸೇರಿಸಿ, ಎರಡೆರಡು ಮಿಲಿಮೀಟರ್ ದಪ್ಪದ ಪದರವಾಗಿ ನಾಲ್ಕು ದಿನ ಹೊಯ್ದೆ.

ಕಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಿಕ್ಸಿಯಲ್ಲಿ ಸ್ಪಂಜು ಪುಡಿ ಮಾಡಿದ್ದು (ಹಳೇ ಜಾರ್, ಅಪ್ಪಣೆ ಪಡೆದೇ), ತೆಂಗಿನ ನಾರು, ಒಣಗಿದ ತುಳಸಿ ಕಡ್ಡಿ. ತುಳಸಿ ಕಡ್ಡಿಯಷ್ಟು ಚೆಂದದ ಮರ ಯಾವ ಅಂಗಡಿಯಲ್ಲೂ ಸಿಗದು. ಅದಕ್ಕೆ ಅಮ್ಮನ ಅಪ್ಪಣೆ ಮಾತ್ರ ಇನ್ನೂ ಸಿಕ್ಕಿಲ್ಲ.

ಗೌರಿ ಹಬ್ಬಕ್ಕೆ ಮಗಳಿಗೆ ಬಾಗಿನ ಕೊಡಲು ಮಾವ ಬಂದರು. ಮಾವ ರೈಲ್ವೆಯಲ್ಲಿ ಕೀಮ್ಯಾನ್, ಅಂದರೆ ಹಳಿಯುದ್ದಕ್ಕೂ ನಡೆದು ತಪಾಸಣೆ ಮಾಡುವವರು, ಆಗಿದ್ದವರು. 1979ರಲ್ಲಿ ಮೀಟರ್‌ಗೇಜ್ ಗಾಡಿ ಶುರುವಾದ ಮೇಲೆ ಘಟ್ಟದ ಗ್ಯಾಂಗಿಗೆ ಸೇರಿ, 1996ರಲ್ಲಿ ಹಳಿ ಬದಲಿಸಲು ಗಾಡಿ ನಿಲ್ಲಿಸಿದಾಗ ಬೇರೆ ಕಡೆ ಹೋಗಿ, 2006ರಲ್ಲಿ ಬ್ರಾಡ್‌ಗೇಜಿನಲ್ಲಿ ಗೂಡ್ಸ್ ಓಡತೊಡಗಿದಾಗ ಮತ್ತೆ ಅಲ್ಲಿಗೇ ಬಂದವರು. ದಿನಾ ಸುತ್ತಿಗೆ, ಸ್ಪ್ಯಾನರ್, ಕೆಂಪು ಹಸಿರು ಬಾವುಟ, ಅಪಾಯವಿದ್ದಾಗ ಗಾಡಿಯನ್ನು ಎಚ್ಚರಿಸಲು ಹಳಿಯ ಮೇಲಿಡುವ, ಪಟಾಕಿ ಅಂತ ಅವರು ಕರೆಯುವ ಡಿಟೋನೇಟರ್ ಹೊತ್ತು, ಸುರಂಗ ಸೇತುವೆ ಎನ್ನದೆ ನಡೆದವರು. ಸೇತುವೆಯ ಮೇಲಿನ ಗಾಡಿಯ ಬಾಗಿಲಲ್ಲಿ ನಿಂತು ನಾನು ಕಂಡದ್ದು ಹಸಿರು ಆಳ ಮಾತ್ರ. ನಾವು ಹೋಗುವ ಸೇತುವೆ ನಮಗೇ ಕಾಣುವುದಿಲ್ಲವಲ್ಲ. ಹಳಿ ಮೇಲೆ ನಡೆದು ನೋಡೋಣವೆಂದರೆ ಚಾರಣಕ್ಕೆಲ್ಲ ನಿಷೇಧ, ಅದು ಸರಿಯೂ ಹೌದು. ಸೇತುವೆಯನ್ನು ಕೆಳಗಿನಿಂದ, ಪಕ್ಕದಿಂದ, ಮಳೆಯಲ್ಲಿ, ರಾತ್ರಿ ಲಾಟೀನು ಹಿಡಿದು ನೋಡಿದವರು ನನಗೆ ಗೊತ್ತಿದ್ದವರಲ್ಲಿ ಮಾವ ಒಬ್ಬರೇ.

ಆದರೆ ಅವರು ಮಾವ, ನಾನು ಅಳಿಯ. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ನನ್ನನ್ನು ಏಕವಚನದಲ್ಲಿ ಕರೆದವರಲ್ಲ, ಅಳಿಯನ ಮನೆಯ ಸಾರಿಗೆ ಉಪ್ಪು ಕಮ್ಮಿ ಅಂದವರಲ್ಲ. ಮಹಡಿಗೆ ಕರೆದುಕೊಂಡು ಹೋಗಿ ಲೈಟು ಹಾಕಿದೆ. ಪಂಚೆ ಎತ್ತಿ ಕಟ್ಟಿ, ಕನ್ನಡಕ ಸರಿಮಾಡಿಕೊಂಡು, ಸೇತುವೆ ಹತ್ತಿರ ಬಗ್ಗಿದರು. ಬಹಳ ಹೊತ್ತು ಮಾತಿಲ್ಲ.

"ಬಾಳ ಚೆನ್ನಾಗೈತೆ ಅಳಿಯಂದ್ರೆ" ಅಂದರು. ಆಮೇಲೆ, "ಇದು ಮೀಟರ್‌ಗೇಜಾ?"

"ಇಲ್ಲ ಮಾವ, ಬ್ರಾಡ್‌ಗೇಜು."

"ಓ" ಅಂದರು. ಹಳಿಯ ನಡುವೆ ಎರಡು ಬೆರಳು ಇಟ್ಟು ನೋಡಿ, ಮತ್ತೆ "ಓ" ಅಂದರು.

ಹೇಳಲೇಬೇಕಾಯಿತು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿಲಿಮೀಟರ್ ಅಗಲದ್ದು. ನಮ್ಮ 1676 ಮಿಲಿಮೀಟರ್ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19ರ ಮೇಲೆ ಬರಬೇಕು. ನನ್ನದು ವಿದೇಶದ 1435ರ ಅಳತೆ. "ಬೆಂಗಳೂರಲ್ಲಿ ನಮ್ಮ ಮೆಟ್ರೋಗೆ ಹಾಕಿರೋ ಗೇಜು ಮಾವ."

"ಘಟ್ಟಕ್ಕೆ ಮೆಟ್ರೋ ಬಂತು ಅನ್ನಿ" ಅಂದು ನಕ್ಕರು. ನಕ್ಕದ್ದೇ ಧೈರ್ಯ ಬಂತೇನೋ, ಒಂದೊಂದೇ ಹೊರಬಿತ್ತು, ಎಲ್ಲವೂ ಹೊಗಳಿಕೆಯ ರೂಪದಲ್ಲೇ. ಜಲ್ಲಿ ಬಾಳ ಅಂದವಾಗಿ ಹಾಕಿದೀರಿ, ಗರ್ಡರ್ ಸೇತುವೆ ಮೇಲೆ ಜಲ್ಲಿ ಇರಲ್ಲ, ಇದ್ರೆ ನಮಗೂ ನಡೆಯಕ್ಕೆ ಸುಲಭ ಆಗ್ತಿತ್ತು. ಕಂಬ ಥೇಟ್ ಕಾಂಕ್ರೀಟೇ, ಮಳೆಗಾಲದ ನೀರಿನ ಮಟ್ಟ ಬರೆದುಬಿಟ್ರೆ ಇನ್ನೂ ಚೆನ್ನಾಗಿರ್ತದೆ. ಹಳಿ ಕೆಳಗಿನ ಸ್ಲೀಪರ್ ಪಟ್ಟಿ ನೀಟಾಗವೆ, ಸೇತುವೆ ಮೇಲೆ ಇನ್ನೂ ಒತ್ತೊತ್ತಾಗಿ ಇರ್ತಾವೆ. ಹಳಿಯ ಒಳಗಡೆ ಗಾರ್ಡ್‌ರೈಲು ಜೋಡಿ ಓಡಬೇಕು, ಸೇತುವೆ ದಾಟಿದ ಮೇಲೆ ಎರಡೂ ಮೂತಿ ಕೂಡಿಸಿ ನೆಲಕ್ಕೆ ಬಗ್ಗಬೇಕು. ಅದು ಯಾಕೆ ಅಂದರೆ, ಚಕ್ರ ಹಳಿ ಬಿಟ್ಟರೂ ಗಾಡಿ ಹೊಳೆಗೆ ಬೀಳದೆ ಹಳಿಯ ಪಕ್ಕದಲ್ಲೇ ಎಳೆದುಕೊಂಡು ಹೋಗಲಿ ಅಂತ.

ನಾನು ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದೆ. ಗಾಡಿ ಬಿಡಿ ನೋಡೋಣ ಅಂದರು. ಬಿಟ್ಟೆ. ಸರ್ರನೆ ದಾಟಿತು.

"ಇದೇನು ರಾಜಧಾನಿ ಎಕ್ಸ್‌ಪ್ರೆಸ್ಸಾ?"

ಘಟ್ಟದಲ್ಲಿ ವೇಗದ ಮಿತಿ 30 ಕಿಲೋಮೀಟರ್. ಆಮೇಲೆ ಲೆಕ್ಕ ಹಾಕಿದೆ: ಮಾದರಿಯಲ್ಲಿ ಅದು ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್ ಚಿಲ್ಲರೆ. ಎಂಜಿನ್ ಒಂದೇ ನನ್ನ ಸೇತುವೆ ದಾಟಲು ನಾಲ್ಕು ಸೆಕೆಂಡಿನ ಮೇಲೆ ಬೇಕು. ನಾನು ಒಂದೂವರೆ ಸೆಕೆಂಡಿನಲ್ಲಿ ದಾಟಿಸುತ್ತಿದ್ದೆ. ಎರಡು ವರ್ಷದಿಂದ ಅದೇ ವೇಗ. ನಿಧಾನಕ್ಕೆ ಬಿಟ್ಟೆ. ತೆವಳಿಕೊಂಡು ಸೇತುವೆಗೆ ಬಂತು. ಮಾವ ಗಾಡಿ ನೋಡುತ್ತಿರಲಿಲ್ಲ. ಸೇತುವೆಯ ಎರಡು ಅಂಚನ್ನೂ ನೋಡುತ್ತಿದ್ದರು, ಏನೋ ಕಳೆದುಕೊಂಡವರ ಹಾಗೆ.

"ಅಲ್ಲ ಅಳಿಯಂದ್ರೆ, ತಪ್ಪು ತಿಳ್ಕಬೇಡಿ. ಗಾಡಿ ಬಂದ್ರೆ ನಾನು ಎಲ್ಲಿ ನಿಂತ್ಕಳ್ಳದು?"

ಟ್ರಾಲಿ ರೆಫ್ಯೂಜ್ ಅನ್ನುತ್ತಾರೆ ಅದಕ್ಕೆ. ಸೇತುವೆಯ ಪಕ್ಕಕ್ಕೆ ಚಾಚಿದ, ಕಂಬಿ ಕಟ್ಟಿದ ಒಂದು ಪುಟ್ಟ ಕಟ್ಟೆ. ಗಾಡಿ ಬಂದಾಗ, ಹಳಿ ಮೇಲೆ ತಳ್ಳಿಕೊಂಡು ಬಂದ ಟ್ರಾಲಿ ಎತ್ತಿ ಇಡಲು, ಗ್ಯಾಂಗಿನವರು ಸರಿದು ನಿಲ್ಲಲು. ರೈಲಿನ ಬಾಗಿಲಿನಿಂದ ಅದೆಷ್ಟೋ ಸಲ ನೋಡಿದ್ದೇನೆ, ಅದು ಯಾಕಿದೆ ಅಂತ ಯೋಚಿಸಿರಲಿಲ್ಲ. ನನ್ನ ಸೇತುವೆಯಲ್ಲಿ ರಿವೆಟ್ಟುಗಳಿದ್ದವು, ಹಲಗೆ ಗುರುತುಗಳಿದ್ದವು, ಮನುಷ್ಯನಿಗೆ ಜಾಗ ಇರಲಿಲ್ಲ.

ಹಬ್ಬದ ಮೂರು ದಿನ ಮಾವ ಊರಿಗೆ ಹೋಗಲಿಲ್ಲ. ನಾನು ಜಲ್ಲಿ ಕೆರೆದು, ಹಳೆಯ ಸ್ಲೀಪರ್ ತೆಗೆದು, ಒತ್ತಾಗಿ ಹೊಸದು ಕೂರಿಸಿದೆ. ಸ್ಲೀಪರುಗಳ ನಡುವಿನ ಸಂದಿಯಲ್ಲಿ ಈಗ ಹೊಳೆ ಕಾಣುತ್ತದೆ. ಅವರು ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದರು. ಮಳೆಗಾಲದ ರಾತ್ರಿ ಪಾಳಿಯಲ್ಲಿ ಎರಡೂ ಕಡೆಯಿಂದ ನಡೆದು ಬಂದ, ಹಳಿ ಕಾಯುವ ಪೆಟ್ರೋಲ್‌ಮ್ಯಾನುಗಳು ಎದುರಾಗುವಲ್ಲಿ ಪುಸ್ತಕ ಬದಲಾಯಿಸಿಕೊಳ್ಳುವುದು, ಮಂಜಿನಲ್ಲಿ ಲಾಟೀನು ಮೊದಲು ಕಾಣುವುದೋ ಕೆಮ್ಮು ಮೊದಲು ಕೇಳುವುದೋ ಅನ್ನುವುದು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳಿಗೂ ಇವೆಲ್ಲ ಹೊಸದು.

ರೆಫ್ಯೂಜಿಗೆ ಲ್ಯಾಬಿನ ಆರ್ಥೋ ವೈರ್ (ಹಲ್ಲಿನ ಕ್ಲಿಪ್ಪಿನ ತಂತಿ) ಬಗ್ಗಿಸಿ ಕಂಬಿ ಮಾಡಿದೆ. ಎರಡು ಸೆಂಟಿಮೀಟರ್ ಎತ್ತರದ ಒಬ್ಬ ಮನುಷ್ಯನಿಗೆ ಖಾಕಿ ಬಳಿದು, ಕೈಗೆ ಹಸಿರು ಚುಕ್ಕಿಯ ಬಾವುಟ ಕೊಟ್ಟು, ಫೆವಿಕ್ವಿಕ್ ಹಚ್ಚಿ ನಿಲ್ಲಿಸಿದೆ, ಬಾಗಿಲಿನಿಂದ ಬರುವವರಿಗೆ ಮುಖ ಕಾಣುವಂತೆ. ಮಾವ ನನ್ನ ಕೈಯಿಂದ ಚಿಮಟ ತೆಗೆದುಕೊಂಡರು.

"ಮುಖ ಗಾಡಿ ಕಡೆ ಇರ್ಬೇಕು. ಚಕ್ರ ನೋಡ್ಬೇಕು ಅವನು. ಏನಾರ ನೇತಾಡ್ತೈತಾ, ಹೊಗೆ ಬರ್ತೈತಾ ಅಂತ. ಎಲ್ಲ ಸರಿ ಇದ್ರೆ ಹಸಿರು."

ಅಂಟು ಅರ್ಧ ಹಿಡಿದಾಗಿತ್ತು, ತಿರುಗಿಸುವಾಗ ಕೊಂಚ ವಾಲಿದ. ಹಾಗೇ ಬಿಟ್ಟಿದ್ದೇನೆ. ಇನ್ನು ಸೇತುವೆಯ ತುದಿಯ ಬಿಳಿ ನಂಬರ್ ಬೋರ್ಡು ಬಾಕಿ. ಯಾವ ನಂಬರ್ ಬರೆಯಲಿ ಅಂತ ಕೇಳಿದೆ. ಇದು ಯಾವ ಸೇತುವೆಯೂ ಅಲ್ಲ, ಎಲ್ಲದರಿಂದಲೂ ಒಂದಿಷ್ಟು ತೆಗೆದು ಮಾಡಿದ್ದು ಅಂತಲೂ ಹೇಳಿದೆ. ಅವರು ಬಗ್ಗಿ, ಹೊಳೆ ತಿರುಗುವ ಕಡೆ, ದಂಡೆಯ ಕಡೆ, ಮತ್ತೆ ಕಂಬದ ಕಡೆ ನೋಡಿದರು. "ಇಲ್ಲ, ಇದು ಐತೆ. ಎಲ್ಲೋ ನೋಡಿದೀನಿ. ನೆನಪಾದಾಗ ಫೋನ್ ಮಾಡ್ತೀನಿ" ಅಂದು ಚೀಲ ತೆಗೆದುಕೊಂಡು ಬಸ್ಸಿಗೆ ಹೊರಟರು.

ಒಂದೂವರೆ ತಿಂಗಳಾಯಿತು. ಬೋರ್ಡು ಖಾಲಿ ಇದೆ.